ವಕೀಲರಾಗಿದ್ದ ಅತ್ತೆಯ ನುಡಿನಮನ: ಕಡತಗಳನ್ನೇನು ಮಾಡುವುದು, ಅವರ ಬದುಕನ್ನು ಹೇಗೆ ಬರೆಯುವುದು?

ಕುಂದವಾಡ ಕೆರೆ (ಪ್ರಶ್ನೆ)

ನಮ್ಮ ಸೋದರತ್ತೆ ಹೋದ ತಿಂಗಳು ತೀರಿಕೊಂಡರು. 1983ರಲ್ಲಿ ಸನದು (ವಕೀಲಿಕೆಯ ಪರವಾನಗಿ) ಪಡೆದವರು, ಕೊನೆಯ ವಾರದವರೆಗೂ ದಾವಣಗೆರೆ ಕೋರ್ಟಿಗೆ ಹೋಗಿಬರುತ್ತಿದ್ದರು. ಮದುವೆಯಾಗಿರಲಿಲ್ಲ. ಹೆಣ್ಣುಮಕ್ಕಳ ಪಾಲಿನ ದಾವೆ, ಜೀವನಾಂಶ, ಸಣ್ಣ ಹಿಡುವಳಿದಾರರ ಜಮೀನಿನ ತಕರಾರು, ಇವೇ ಅವರ ಕೆಲಸದ ಮುಕ್ಕಾಲು ಪಾಲು. ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿ ನಾಲ್ಕು ಕಬ್ಬಿಣದ ರ‍್ಯಾಕು, ಎರಡು ಬೀರು ತುಂಬ ಕಡತಗಳಿವೆ. ಒಂದು ವರ್ಷವೂ ತಪ್ಪದಂತೆ ಕೋರ್ಟ್ ಡೈರಿಗಳಿವೆ. ನಡೆಯುತ್ತಿರುವ ಕೇಸುಗಳು ಸುಮಾರು ಅರವತ್ತು. ಒಬ್ಬ ಜೂನಿಯರ್, ಒಬ್ಬ ಗುಮಾಸ್ತರು ಇದ್ದಾರೆ.

ಶಿವಗಣಾರಾಧನೆ ಮುಗಿಯಿತು. ಇನ್ನು ಆರು ವಾರಕ್ಕೆ ಒಂದು ಭಾನುವಾರ ನುಡಿನಮನ ಇಟ್ಟುಕೊಂಡಿದ್ದೇವೆ. ಅಂದು 48 ಪುಟದ ಒಂದು ಸ್ಮರಣ ಪುಸ್ತಿಕೆ, 300 ಪ್ರತಿ ಕೊಡಬೇಕೆಂದು ಅವರ ಗೆಳತಿಯರ ಆಸೆ, ನಮ್ಮದೂ ಅದೇ. ಬರೀ ಹೊಗಳಿಕೆಯ ಮಾತು ತುಂಬಿದ ಪುಸ್ತಕ ಆಗಬಾರದು, ಅವರು ಮಾಡಿದ ಕೆಲಸ ಕಾಣಬೇಕು.

ಕಕ್ಷಿದಾರರು ದಿನವೂ ಬಾಗಿಲಿಗೆ ಬರುತ್ತಿದ್ದಾರೆ. ಅವರಿಗೆ ಕಾಗದ ಪತ್ರ ಕೊಡುವುದು ಹೇಗೆ? ಮುಗಿದ ಕೇಸಿನ ಕಡತಗಳನ್ನು ಏನು ಮಾಡಬೇಕು? ಪುಸ್ತಿಕೆ ಬರೆಯಲು ಡೈರಿ, ಕಡತ ಓದಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಕರಿಕೋಟು

ಪುಸ್ತಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಅತ್ತೆಯವರನ್ನು ನಂಬಿ ಕಾಗದ ಕೊಟ್ಟವರ ಕೇಸು ಕೆಡದಂತೆ ನೋಡುವುದೇ ಈಗ ಮೊದಲ ಕೆಲಸ. ಇಂಥ ಸಂದರ್ಭದಲ್ಲಿ ಎಲ್ಲರೂ ಎಡವುವುದು ಇಲ್ಲೇ. ದುಃಖದಲ್ಲಿ ಕೋಣೆಗೆ ಬೀಗ ಹಾಕಿಬಿಡುತ್ತಾರೆ, ಒಳಗೆ ಅವಧಿ ಓಡುತ್ತಲೇ ಇರುತ್ತದೆ.

ವಕೀಲರು ತೀರಿಕೊಂಡ ದಿನವೇ ಅವರಿಗೆ ಕೊಟ್ಟ ವಕಾಲತ್ತು (ಕಕ್ಷಿದಾರರ ಪರ ನಡೆಸಲು ಸಹಿ ಮಾಡಿಕೊಟ್ಟ ಅಧಿಕಾರಪತ್ರ) ಮುಗಿಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶ, 4ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಬದುಕಿರುವ ವಕೀಲರನ್ನು ಬದಲಿಸುವಾಗ ಕೇಳುವ ನಿರಾಕ್ಷೇಪಣೆ ಇಲ್ಲಿ ಬೇಕಿಲ್ಲ. ಕಕ್ಷಿದಾರರು ಹೊಸ ವಕೀಲರಿಗೆ ವಕಾಲತ್ತು ಸಹಿ ಮಾಡಿಕೊಟ್ಟರೆ ಸಾಕು, ಜೊತೆಗೆ ಮರಣ ಪ್ರಮಾಣಪತ್ರದ ಒಂದು ನಕಲು ಇದ್ದರೆ ಪ್ರಶ್ನೆ ಬರುವುದಿಲ್ಲ. ಅದರ ಐವತ್ತು ಅರವತ್ತು ಜೆರಾಕ್ಸ್ ಮಾಡಿಸಿ ಮೇಜಿನ ಮೇಲಿಡಿ. ಹಳೆಯ ವಕಾಲತ್ತನ್ನೂ ಒಮ್ಮೆ ತೆಗೆದು ನೋಡಿ. ಅದರಲ್ಲಿ ಜೂನಿಯರ್ ಹೆಸರು, ಸಹಿ ಎರಡೂ ಇದ್ದರೆ ಅವರು ಮುಂದುವರಿಸಬಹುದು. ಹೆಸರಿಲ್ಲದೆ ಬರೀ ಹಾಜರಾಗುತ್ತಿದ್ದರೆ ಅವರಿಗೂ ಹೊಸ ವಕಾಲತ್ತು ಬೇಕು.

ಅರವತ್ತು ಕೇಸನ್ನೂ ಒಂದೇ ಸಲ ನೋಡಲಾಗುವುದಿಲ್ಲ. ಮೊದಲು ಚೆಕ್ ಬೌನ್ಸ್ ಕಡತಗಳನ್ನು ಹೊರತೆಗೆಯಿರಿ. ಚೆಕ್ಕು ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಕೇಸು ಇನ್ನೂ ಹಾಕಿರದಿದ್ದರೆ ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಮೂಲ ಚೆಕ್ಕು ಮಾತ್ರ ಕಡತದೊಳಗೆ ಮಲಗಿರುತ್ತದೆ.

ಆಮೇಲೆ ಇತ್ತೀಚೆಗೆ ತೀರ್ಪಾದವು. ಜಿಲ್ಲಾ ನ್ಯಾಯಾಲಯಕ್ಕೆ ಸಿವಿಲ್ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಆ ಲೆಕ್ಕ ನಕಲಿನ ಕೊನೆಯ ಪುಟದ ಮೊಹರಿನಲ್ಲಿದೆ: ಅರ್ಜಿ ಹಾಕಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ. ಆ ಪುಟ ಕಳೆಯದಂತೆ ನೋಡಿಕೊಳ್ಳಿ. ಪ್ರತಿವಾದಿ ಪರ ಕೇಸುಗಳಲ್ಲಿ ಸಮನ್ಸು ಮುಟ್ಟಿದ 30 ದಿನಕ್ಕೆ ಕೈಫಿಯತ್ತು (ಪ್ರತಿವಾದಿಯ ಲಿಖಿತ ಉತ್ತರ) ಹೋಗಬೇಕು, ಕೋರ್ಟು ಅವಕಾಶ ಕೊಟ್ಟರೆ 90 ದಿನ. ಕೇವಿಯೆಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನರ್ಜಿ) ಹಾಕಿದ್ದರೆ ಅದರ ಆಯುಸ್ಸೂ 90 ದಿನವೇ, ಅವಧಿ ಮುಗಿದರೆ ಯಾರೂ ನೆನಪಿಸುವುದಿಲ್ಲ.

ಅಷ್ಟರಲ್ಲಿ ಯಾವುದಾದರೂ ತಾರೀಖು ತಪ್ಪಿಹೋಗಿದ್ದರೆ ಗಾಬರಿ ಬೇಡ, ತಡವೂ ಬೇಡ. ದಾವೆ ಗೈರುಹಾಜರಿಯಿಂದ ವಜಾ ಆಗಿದ್ದರೆ ಅದೇ ಸಿವಿಲ್ ಸಂಹಿತೆಯ 9ನೇ ಆದೇಶದ 9ನೇ ನಿಯಮ, ಏಕಪಕ್ಷೀಯ ಡಿಕ್ರಿ (ಪ್ರತಿವಾದಿಯ ಗೈರಿನಲ್ಲಿ ತೀರ್ಪು) ಆಗಿದ್ದರೆ 13ನೇ ನಿಯಮ. ಎರಡಕ್ಕೂ ಅರ್ಜಿಯ ಅವಧಿ 30 ದಿನ. ವಕೀಲರ ಮರಣ ಸಕಾರಣವೇ, ಆದರೆ ಅರ್ಜಿ ಹಾಕದೆ ಕುಳಿತರೆ ಕಾರಣ ತಾನಾಗಿ ಕೋರ್ಟಿನ ಮುಂದೆ ಹೋಗುವುದಿಲ್ಲ.

ಕೇಸುಗಳ ಪೂರ್ತಿ ಪಟ್ಟಿಗೆ ಡೈರಿಯೊಂದನ್ನೇ ನಂಬಬೇಡಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರಿನಿಂದ ಹುಡುಕಬಹುದು. ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿ, ಜಗಳೂರು, ಪ್ರತಿಯೊಂದು ಕೋರ್ಟ್ ಸಂಕೀರ್ಣವನ್ನೂ ಬೇರೆ ಬೇರೆ ಆರಿಸಿ ನೋಡಬೇಕು. ಹೆಸರಿನ ಇನಿಷಿಯಲ್ಲು ಒಂದು ಕೇಸಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ ಎಂಬಂತೆ ದಾಖಲಾಗಿರುತ್ತದೆ. ಮೂರು ನಾಲ್ಕು ಬಗೆಯಲ್ಲಿ ಹುಡುಕಿ. ಡೈರಿಯ ಪಟ್ಟಿ, ಆ್ಯಪಿನ ಪಟ್ಟಿ, ರ‍್ಯಾಕಿನ ಕಡತ, ಮೂರನ್ನೂ ತಾಳೆ ಹಾಕಿದಾಗಲೇ ಲೆಕ್ಕ ಸರಿಯಾಗುವುದು.

ಬಾಗಿಲಿಗೆ ಅಂಟಿಸಲು ಒಂದು ಫಲಕ ಬರೆಯಿಸಿ: "ಇಲ್ಲಿ ವಕೀಲರಾಗಿದ್ದ ಇಂಥವರು ಇಂಥ ದಿನ ನಿಧನರಾಗಿದ್ದಾರೆ. ಅವರಲ್ಲಿ ಕೇಸು ಕೊಟ್ಟಿದ್ದವರು ಸಂಜೆ 6ರಿಂದ 8ರೊಳಗೆ ಆಧಾರ್ ಮತ್ತು ಕೇಸಿನ ನಂಬರಿನೊಂದಿಗೆ ಬಂದು ಕಾಗದ ಪತ್ರ ಪಡೆಯಬಹುದು. ಕೋರ್ಟಿನ ಮುಂದಿನ ತಾರೀಖು ತಪ್ಪಿಸಬೇಡಿ." ಇಷ್ಟೇ ಸಾಕು. ಮುಂದೆ ಇಂಥ ವಕೀಲರ ಬಳಿ ಹೋಗಿ ಎಂದು ಬರೆಯಬೇಡಿ. ಅದು ಜೂನಿಯರ್ ಪಾಲಿಗೆ ಕೇಸು ಕೇಳಿಕೊಂಡಂತಾಗಿ ತೊಂದರೆ, ಆಯ್ಕೆ ಕಕ್ಷಿದಾರರದ್ದು. ಹೊಸ ವಕೀಲರಿಗೆ ಫೀಸು ಕೊಡಲಾಗದು ಎನ್ನುವ ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ನಿಮ್ಮ ಅತ್ತೆಯವರ ಕಕ್ಷಿದಾರರಲ್ಲಿ ಅರ್ಧಕ್ಕರ್ಧ ಇಂಥವರೇ ಇರಬಹುದು.

ಅವರ ಮೊಬೈಲ್ ಸಿಮ್ಮನ್ನು ಆರು ತಿಂಗಳಾದರೂ ರೀಚಾರ್ಜ್ ಮಾಡಿಸುತ್ತಿರಿ. ಹಳ್ಳಿಯ ಕಕ್ಷಿದಾರರ ಬಳಿ ಇರುವುದು ಅದೊಂದೇ ನಂಬರು.

ಫೀಸು ಬಾಕಿ ಇದೆ ಎಂದು ಯಾರ ಕಡತವನ್ನೂ ತಡೆಹಿಡಿಯುವಂತಿಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ವಕೀಲರಿಗೇ ಆ ಹಕ್ಕಿಲ್ಲ ಎಂದಿದೆ, ವಾರಸುದಾರರಿಗೆ ಎಲ್ಲಿಂದ ಬಂತು? ಅದೇ ರೀತಿ ಕೋರ್ಟ್ ಶುಲ್ಕಕ್ಕೆಂದು ಮುಂಗಡ ಪಡೆದ ಹಣ ಖರ್ಚಾಗದೆ ಉಳಿದಿದ್ದರೆ ಅದು ನಿಮ್ಮ ಮನೆಯದಲ್ಲ, ಕಕ್ಷಿದಾರರದು. ಡೈರಿಯ ಅಂಚಿನಲ್ಲಿ ಆ ಲೆಕ್ಕ ಸಿಗುತ್ತದೆ.

ಸನದಿನ ಮೂಲ ಪ್ರತಿಯನ್ನು ಈಗಲೇ ಚೌಕಟ್ಟು ಹಾಕಿಸಲು ಕೊಡಬೇಡಿ. ವಕೀಲರ ಕಲ್ಯಾಣ ನಿಧಿಯ ಅರ್ಜಿ ಮುಗಿಯಲಿ. ನಾಮಿನಿ ಯಾರೆಂದು ವಕೀಲರ ಸಂಘದ ಮೂಲಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ.

ಹಳೇ ಗುಮಾಸ್ತ

ವಕೀಲರು ಹೇಳಿದ್ದಕ್ಕೆ ರ‍್ಯಾಕಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ ತಂಗೀ.

ಕಡತ ಬಿಚ್ಚುವುದು, ವಿಂಗಡಿಸುವುದು ಜೂನಿಯರ್ ಮತ್ತು ಗುಮಾಸ್ತರ ಕೆಲಸ. ಮನೆಯವರು ರಿಜಿಸ್ಟರ್ ಬರೆಯಿರಿ, ಸಹಿ ಹಾಕಿಸಿಕೊಳ್ಳಿ, ಒಳಗೆ ಓದಬೇಡಿ. ಉದ್ದನೆಯ 200 ಪುಟದ ರಿಜಿಸ್ಟರ್ ತಂದು ಗೆರೆ ಹಾಕಿ. ಕ್ರಮಸಂಖ್ಯೆ, ದಿನಾಂಕ, ಕೇಸಿನ ನಂಬರು, ಪಡೆದವರ ಹೆಸರು, ಊರು, ಮೂಲ ದಾಖಲೆಗಳ ವಿವರ, ಒಟ್ಟು ಹಾಳೆ, ಸಹಿ ಅಥವಾ ಹೆಬ್ಬೆಟ್ಟು, ಸಾಕ್ಷಿ. "ಕಾಗದ ಪತ್ರ ಎಲ್ಲಾ ಕೊಡಲಾಗಿದೆ" ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ. "ಕ್ರಯಪತ್ರ ಮೂಲ, ಇಷ್ಟನೇ ಇಸವಿ, ಹಾಳೆ 6" ಎಂದು ಬರೆದರೇ ನಾಳೆ ಜಗಳ ಬರುವುದಿಲ್ಲ. ಕೊಡುವ ಮುನ್ನ ಮೂಲ ದಾಖಲೆಯ ಮೊದಲ ಮತ್ತು ಕೊನೆಯ ಹಾಳೆಯನ್ನು ಅವರ ಎದುರಿಗೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಯಾವುದು ಅಮೂಲ್ಯ, ಯಾವುದು ಮತ್ತೆ ಸಿಗುತ್ತದೆ ಎಂಬುದು ಗೊತ್ತಿದ್ದರೆ ಕೆಲಸ ಬೇಗ ಸಾಗುತ್ತದೆ. ಪಹಣಿ, ಮ್ಯುಟೇಶನ್ ಉತಾರ, ಋಣಭಾರ ಪತ್ರ ಮತ್ತೆ ಸಿಗುತ್ತವೆ. ನೋಂದಾಯಿತ ಕ್ರಯಪತ್ರದ ನಕಲೂ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಮತ್ತೆ ಸಿಗದವು ಬೇರೆ: ನೋಂದಣಿಯಾಗದ ವಾಟ್ನಿ ಪತ್ರ (ಪಾಲುಪಟ್ಟಿ), ಪ್ರಾಮಿಸರಿ ನೋಟು, ಚೆಕ್ಕು, ಖರೀದಿ ಕರಾರು, ಕೈಬರಹದ ರಸೀದಿ, ಅಂಚೆಯ ಸ್ವೀಕೃತಿ ಚೀಟಿ. ಈ ಕೊನೆಯದನ್ನು ಎಲ್ಲರೂ ಕಸ ಅಂದುಕೊಳ್ಳುತ್ತಾರೆ. ಬೆರಳುದ್ದದ ಆ ಚೀಟಿಯ ಮೇಲಿನ ಸಹಿಯೇ ನೋಟಿಸು ಮುಟ್ಟಿದ್ದಕ್ಕೆ ಸಾಕ್ಷಿ. ಕಡತದ ಟ್ಯಾಗು ದಾರ ಬಿಚ್ಚಿದಾಗ ಹಾಳೆಗಳ ನಡುವಿನಿಂದ ಜಾರಿ ನೆಲಕ್ಕೆ ಬೀಳುವುದೂ ಅದೇ. ಆದ್ದರಿಂದ ಕಡತವನ್ನು ಮೇಜಿನ ಮೇಲೆ, ಬಿಳಿ ಬಟ್ಟೆ ಹಾಸಿ ಬಿಚ್ಚಿ. ಫ್ಯಾನು ಆರಿಸಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ, ಕಾಗದ ಹರಿಯುತ್ತದೆ. ಹಿಂಬದಿಯಿಂದ ಚೂಪು ತುದಿಯನ್ನು ಸ್ವಲ್ಪ ತಿರುಗಿಸಿ ಸಡಿಲ ಮಾಡಿ ತೆಗೆಯಿರಿ.

ಮೂಲ ದಾಖಲೆ ಕಡತದಲ್ಲಿ ಇಲ್ಲದಿದ್ದರೆ ಕಳೆದಿದೆ ಎಂದಲ್ಲ. ಸಾಕ್ಷ್ಯದ ಹೊತ್ತಿಗೆ ಕೋರ್ಟಿಗೆ ಹಾಜರುಪಡಿಸಿ ನಿಶಾನೆ (ಸಾಕ್ಷ್ಯವೆಂಬ ಗುರುತು) ಹಾಕಿಸಿದ್ದರೆ ಅದು ಕೋರ್ಟಿನಲ್ಲೇ ಇರುತ್ತದೆ. ಕೇಸು ಮುಗಿದು ಮೇಲ್ಮನವಿಯ ಅವಧಿಯೂ ಮುಗಿದ ಮೇಲೆ ಅರ್ಜಿ ಕೊಟ್ಟು ವಾಪಸು ಪಡೆಯಬೇಕು. ಇದನ್ನು ತಿಳಿಯದೆ "ಅಮ್ಮೋರ ಹತ್ರಾನೇ ಕೊಟ್ಟಿದ್ದೆ" ಎಂದು ವಾದ ಮಾಡುವವರು ಬಂದೇ ಬರುತ್ತಾರೆ. ಕೇಸಿನ ನಂಬರು ಹಿಡಿದು ನಿಶಾನೆ ಪಟ್ಟಿ ತೋರಿಸಿ, ಸಮಾಧಾನ ಆಗುತ್ತದೆ.

ಅಣ್ಣತಮ್ಮಂದಿರು ಸೇರಿ ಕೊಟ್ಟ ಕೇಸಿನಲ್ಲಿ ಒಬ್ಬನ ಕೈಗೆ ಮೂಲ ಕೊಡಬೇಡಿ. ವಕಾಲತ್ತಿಗೆ ಸಹಿ ಹಾಕಿದವರೆಲ್ಲ ಬರಲಿ, ಇಲ್ಲವೆ ಉಳಿದವರ ಒಪ್ಪಿಗೆ ಪತ್ರ ತರಲಿ. ಅವರವರಲ್ಲೇ ಈಗ ಮನಸ್ತಾಪವಿದ್ದರೆ ಹೊಸ ವಕೀಲರಿಗೇ ನೇರವಾಗಿ ಕೊಟ್ಟು ಅವರ ಸಹಿ ಪಡೆಯುವುದು ಒಳ್ಳೆಯದು. ಕಕ್ಷಿದಾರರೇ ತೀರಿಕೊಂಡಿದ್ದರೂ ಹೀಗೇ, ವಾರಸುದಾರರೆಲ್ಲರ ಸಹಿ ಬೇಕು.

ಬೀರುವಿನಲ್ಲಿ ಮೊಹರು ಮಾಡಿದ ಲಕೋಟೆ ಇದ್ದರೆ ಅದು ಯಾರದೋ ಮರಣಶಾಸನ ಇರಬಹುದು. ಒಡೆಯಬೇಡಿ. ಬರೆಸಿದವರು ಬದುಕಿದ್ದರೆ ಅವರ ಕೈಗೇ ಕೊಡಬೇಕು, ಮಕ್ಕಳ ಕೈಗಲ್ಲ. ಇನ್ನೆಲ್ಲಿಡಲಿ ಎಂದು ಅವರು ಕೇಳಿದರೆ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಮೊಹರು ಲಕೋಟೆಯಲ್ಲೇ ಠೇವಣಿ ಇಡಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ ಎನ್ನಿ.

ನಿಮ್ಮ ಅತ್ತೆಯವರ ಕಾಲದ ಕಡತಗಳಿಗೆ ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ, ಹರಪನಹಳ್ಳಿ ಬಳ್ಳಾರಿಗೆ. ಹರಪನಹಳ್ಳಿ ಆಮೇಲೆ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರದಲ್ಲಿದೆ. ಹಾಗಾಗಿ ಹಳೆಯ ಮೇಲ್ಮನವಿಯ ನಂಬರು ನೋಡುವಾಗ ಯಾವ ಊರಿನ ಕೋರ್ಟಿನ ನಂಬರು ಎಂದು ಮೇಲ್ರಟ್ಟು ನೋಡಿಕೊಳ್ಳಿ. ಒಂದೇ ನಂಬರು, ಒಂದೇ ಇಸವಿ, ಎರಡು ಊರಿನಲ್ಲಿರುತ್ತದೆ.

ಮುಗಿದ ಕಡತಗಳಲ್ಲಿ ಮೂಲ ದಾಖಲೆ ಇರುವುದನ್ನು ಬೇರೆ ಮಾಡಿ ಕಕ್ಷಿದಾರರಿಗೆ ಕಾಗದ ಬರೆಯಿರಿ. ಬರೀ ಜೆರಾಕ್ಸ್, ಟಿಪ್ಪಣಿ ಇರುವುದನ್ನು ಒಂದು ವರ್ಷವಾದರೂ ಇಟ್ಟುಕೊಂಡು ಆಮೇಲೆ ನಾಶ ಮಾಡಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ನಮ್ಮೂರಲ್ಲಿ ರದ್ದಿ ಕಾಗದ ಎಲ್ಲಿಗೆ ಹೋಗುತ್ತದೆ ನಿಮಗೇ ಗೊತ್ತು. ಯಾವಳೋ ಹೆಣ್ಣುಮಗಳ ಜೀವನಾಂಶದ ಅರ್ಜಿ ಮಂಡಕ್ಕಿ ಪೊಟ್ಟಣವಾಗಿ ಅವಳ ನೆರೆಯವರ ಕೈಗೇ ಸಿಕ್ಕರೆ? ಚೂರು ಮಾಡುವ ಯಂತ್ರ ಇರುವ ಕಚೇರಿಯಲ್ಲಿ ನಿಂತು ಕತ್ತರಿಸಿಸಿ, ಇಲ್ಲವೆ ನೀರಿನಲ್ಲಿ ಎರಡು ದಿನ ನೆನೆಸಿ ಮುದ್ದೆ ಮಾಡಿ.

ಕುಂದವಾಡ ಕೆರೆ

ಇಬ್ಬರಿಗೂ ಕೈಮುಗಿದೆ. ಇಂದೇ ಮರಣ ಪ್ರಮಾಣಪತ್ರದ ನಕಲು ಮಾಡಿಸಿದೆವು, ಫಲಕ ನಾಳೆ.

ಹಾಗಾದರೆ ಪುಸ್ತಿಕೆಗೆ ಅವರ ಕೇಸುಗಳ ಬಗ್ಗೆ ಏನೂ ಬರೆಯುವಂತಿಲ್ಲವೇ? ಅವರ ಗೆಳತಿಯರು ಒಂದು ವಿಚ್ಛೇದನದ ಕೇಸಿನ ಬಗ್ಗೆ ತುಂಬ ಅಭಿಮಾನದಿಂದ ಹೇಳುತ್ತಾರೆ. ಹೆಸರು ಬದಲಿಸಿ ಹಾಕಬಹುದೇ?

ಕರಿಕೋಟು

ಕಕ್ಷಿದಾರರು ವಕೀಲರಿಗೆ ಹೇಳಿದ್ದು ಕೇಸು ಮುಗಿದ ಮೇಲೂ ಗುಟ್ಟೇ. ಹಿಂದೆ ಸಾಕ್ಷ್ಯ ಅಧಿನಿಯಮದ 126ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್. ಗುಮಾಸ್ತರಿಗೂ ಅದೇ ಕಟ್ಟು. ಗುಟ್ಟು ಬಿಟ್ಟುಕೊಡುವ ಹಕ್ಕು ಕಕ್ಷಿದಾರರಿಗೆ ಮಾತ್ರ, ಅದೂ ಸ್ಪಷ್ಟ ಒಪ್ಪಿಗೆಯಿಂದ. ಮನೆಯವರನ್ನು ಸೆಕ್ಷನ್ನು ಕಟ್ಟದಿರಬಹುದು, ಆದರೆ ನಲವತ್ತು ವರ್ಷ ಅವರು ಕಾಪಾಡಿದ್ದನ್ನು ಅವರ ನೆನಪಿನ ಪುಸ್ತಕವೇ ಒಡೆಯಬಾರದು.

ವಿಚ್ಛೇದನದ ಕೇಸು ಬಿಟ್ಟುಬಿಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅಂಥ ವಿಚಾರಣೆ ಗೋಪ್ಯ, ಅದನ್ನು ಮುದ್ರಿಸುವುದೇ ತಪ್ಪು. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಮಾತ್ರ, ಆ ಕೋರ್ಟಿನ ಅನುಮತಿ ಇದ್ದರೆ, ವಿನಾಯಿತಿ. ಲೈಂಗಿಕ ದೌರ್ಜನ್ಯದ, ಮಕ್ಕಳ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ಹೊರಬೀಳುವಂಥ ಒಂದು ಪದವೂ ಬೇಡ. ಹೆಸರು ಬದಲಿಸಿದರೆ ಸಾಲದು. "ಇಂಥ ಹಳ್ಳಿಯ ಮಾಸ್ತರ ಮಗಳು" ಎಂದರೆ ಆ ಹೋಬಳಿಗೇ ಗೊತ್ತಾಗುತ್ತದೆ.

ಹಾಗೆಂದು ಪುಟ ಖಾಲಿ ಬಿಡಬೇಕಿಲ್ಲ. ತೆರೆದ ಕೋರ್ಟಿನಲ್ಲಿ ನಡೆದ ಪಾಲುವಿಭಾಗ, ಜಮೀನಿನ ದಾವೆಗಳ ತೀರ್ಪು ಸಾರ್ವಜನಿಕ ದಾಖಲೆ. ತೀರ್ಪಿನ ತಲೆಬರಹದಲ್ಲಿ ವಾದಿ ಪರ ವಕೀಲರೆಂದು ಅವರ ಹೆಸರಿರುತ್ತದೆ. ದೃಢೀಕೃತ ನಕಲು ಪಡೆದು ಅದರಲ್ಲಿ ಎಷ್ಟಿದೆಯೋ ಅಷ್ಟನ್ನೇ, ಪಕ್ಷಗಾರರ ಹೆಸರು ಬಿಟ್ಟು ಬರೆಯಿರಿ. ಡೈರಿಯಲ್ಲಿ ನಂಬರು, ತಾರೀಖು, ಹಂತ ಇರುವ ಭಾಗದಿಂದ ವರ್ಷಕ್ಕೆ ಎಷ್ಟು ಕೇಸು, ಯಾವ ಯಾವ ಊರಿನ ಕೋರ್ಟು ಎಂಬ ಲೆಕ್ಕವನ್ನು ಜೂನಿಯರ್ ತೆಗೆದುಕೊಡಲಿ. ಟಿಪ್ಪಣಿ ಇರುವ ಪುಟಗಳ ಫೋಟೊ ಹಾಕಬೇಡಿ.

ಪುಟವಿನ್ಯಾಸ

ಪುಸ್ತಿಕೆಯ ಬಗ್ಗೆ ನಾನು ಹೇಳುತ್ತೇನೆ.

48 ಪುಟ ಒಳ್ಳೆಯ ಲೆಕ್ಕ. ಡೆಮಿ ಅಷ್ಟದಳದಲ್ಲಿ (ಸಾಮಾನ್ಯ ಪುಸ್ತಕದ ಅಳತೆ) 16 ಪುಟದ ಮೂರು ಫಾರಂ (ಅಚ್ಚಿನ ದೊಡ್ಡ ಹಾಳೆ) ಸರಿಯಾಗಿ ಕೂರುತ್ತದೆ, ನಡುವೆ ಪಿನ್ ಹೊಡೆಯಬಹುದು. 50 ಪುಟ ಎಂದರೆ ಆಗುವುದಿಲ್ಲ, 52ಕ್ಕೆ ಹೋಗಬೇಕು, ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಮಡಿಯಲ್ಲೇ ಇರಬೇಕು. ಒಳಗೆ 70 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಪ್ಲಿತೊ ಕಾಗದ, ಫೋಟೊ ಪುಟಗಳಿಗೆ 130 ಜಿಎಸ್ಎಂ ಆರ್ಟ್ ಪೇಪರ್, ರಕ್ಷಾಪುಟ 250ರಿಂದ 300 ಜಿಎಸ್ಎಂ ಆರ್ಟ್ ಕಾರ್ಡ್. ಫೋಟೊ ಹಾಳೆಗಳನ್ನು ಒಟ್ಟಿಗೆ ನಡುಮಧ್ಯದಲ್ಲಿ ಇಟ್ಟರೆ ಖರ್ಚು ಕಡಿಮೆ. 300 ಪ್ರತಿಗೆ ಡಿಜಿಟಲ್, ಆಫ್‌ಸೆಟ್ ಎರಡರ ದರವನ್ನೂ ಕೇಳಿ. ಈ ಸಂಖ್ಯೆಯಲ್ಲೇ ಎರಡೂ ಹತ್ತಿರ ಬರುವುದು.

12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. ಫೋಟೊಗೆ 8, ಶೀರ್ಷಿಕೆ ಇತ್ಯಾದಿಗೆ 4 ಕಳೆದರೆ ಉಳಿಯುವುದು 36 ಪುಟ, 7,200 ಪದ. ಅದರಲ್ಲಿ ಬದುಕಿನ ಕಥೆ 1,800 ಪದ ಇರಲಿ. ಗೆಳತಿಯರು, ಸಹೋದ್ಯೋಗಿಗಳು ಹನ್ನೆರಡು ಜನ, ತಲಾ 400 ಪದ. ಉಳಿದ ಮೂರು ಪುಟ ಇಸವಿವಾರು ಪಟ್ಟಿಗೆ.

ಹನ್ನೆರಡು ಜನಕ್ಕೆ "ಒಂದು ಲೇಖನ ಬರೆದುಕೊಡಿ" ಎಂದರೆ ಹನ್ನೆರಡೂ ಒಂದೇ ಲೇಖನ ಬರುತ್ತದೆ: ಸರಳ ಜೀವಿ, ಮಾತೃಹೃದಯಿ, ತುಂಬಲಾರದ ನಷ್ಟ. ಬರೆಸಬೇಡಿ, ಮಾತಾಡಿಸಿ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷ ಧ್ವನಿಮುದ್ರಣ ಮಾಡಿ ನೀವೇ ಬರೆದು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ ಹಂಚಿ. ಕೋರ್ಟ್ ಗೆಳತಿಗೆ: ಪಾಟೀ ಸವಾಲಿನಲ್ಲಿ ಮೊದಲ ಪ್ರಶ್ನೆ ಹೇಗೆ ಕೇಳುತ್ತಿದ್ದರು, ದನಿ ಏರಿಸುತ್ತಿದ್ದರೋ ಇಳಿಸುತ್ತಿದ್ದರೋ? ಗುಮಾಸ್ತರಿಗೆ: ಬೆಳಿಗ್ಗೆ ಕಡತ ಕಟ್ಟುವ ಕ್ರಮ ಏನಿತ್ತು? ಜೂನಿಯರ್‌ಗೆ: ಕರಡನ್ನು ತಿದ್ದಿದಾಗ ಯಾವ ಪದ ಹೊಡೆದುಹಾಕುತ್ತಿದ್ದರು? ಕೋರ್ಟಿನಾಚೆಯ ಗೆಳತಿಗೆ: ಕೇಸು ಸೋತ ಸಂಜೆ ಏನು ಮಾಡುತ್ತಿದ್ದರು? ಮನೆಯ ಮಕ್ಕಳಿಗೆ: ಅತ್ತೆ ಬಯ್ದ ಮಾತು ಯಾವುದು? ಬಯ್ದದ್ದೂ ಬರಲಿ. ಪ್ರೀತಿಸಿದವರನ್ನು ಪೂರ್ತಿಯಾಗಿ ನೆನೆಯಬೇಕು.

ಬದುಕಿನ ಕಥೆಗೆ ಬೆನ್ನೆಲುಬು ಕಾನೂನಿನ ಇಸವಿಗಳೇ. ಅವರ ಕೆಲಸ ಹೆಣ್ಣುಮಕ್ಕಳ ಪಾಲು, ಜೀವನಾಂಶ ಎಂದಿರಿ. 1983ರಲ್ಲಿ ಅವರು ಕರಿಕೋಟು ತೊಟ್ಟಾಗ ಪಿತ್ರಾರ್ಜಿತದಲ್ಲಿ ಹೆಣ್ಣುಮಗಳು ಹುಟ್ಟಿನಿಂದ ಹಕ್ಕುದಾರಳಾಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂತು. ಅದೂ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಅಕ್ಕನಿಗೆ ಇಲ್ಲ, ತಂಗಿಗೆ ಇದೆ ಎಂದು ಕಕ್ಷಿದಾರರಿಗೆ ವಿವರಿಸಬೇಕಾಗಿದ್ದ ಹನ್ನೊಂದು ವರ್ಷ ಅವು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇಕಿಲ್ಲ ಎನ್ನುವವರೆಗೂ ಉಳಿಯಿತು. ಜೀವನಾಂಶಕ್ಕೆ ಬಂದರೆ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ 2001ರವರೆಗೂ ಇತ್ತು. ಅಂದರೆ ಅವರ ವೃತ್ತಿಯ ಮೊದಲ ಹದಿನೆಂಟು ವರ್ಷ, ಆ ಸೆಕ್ಷನ್ನಿನಡಿ ಎಷ್ಟು ಚೆನ್ನಾಗಿ ವಾದಿಸಿದರೂ ಅದಕ್ಕಿಂತ ಹೆಚ್ಚು ಕೊಡಿಸಲು ಸಾಧ್ಯವಿರಲಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಯಾದದ್ದು 2006ರ ಅಕ್ಟೋಬರ್ 26. ಈ ಪ್ರತಿ ಇಸವಿಯ ಪಕ್ಕದಲ್ಲಿ ಅವರ ಡೈರಿಯ ಲೆಕ್ಕ ಇಡಿ: ಆ ವರ್ಷ ಅಂಥ ಕೇಸು ಎಷ್ಟು, ಮರುವರ್ಷ ಎಷ್ಟು. ಹೊಗಳಿಕೆಯ ಒಂದು ಪದವಿಲ್ಲದೆ ಅವರ ಬದುಕು ಎದ್ದು ನಿಲ್ಲುತ್ತದೆ.

ಪ್ರೆಸ್ಸಿನಲ್ಲಿ ಕೆಡುವುದು ಎರಡು ಕಡೆ. ವಾಟ್ಸಾಪಿನಲ್ಲಿ ಬಂದ ಯೂನಿಕೋಡ್ ಬರಹವನ್ನು ಪ್ರೆಸ್ಸಿನವರು ನುಡಿ ಫಾಂಟಿನ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತು ಬೀಳುತ್ತದೆ, ಉದ್ಧರಣ ಚಿಹ್ನೆ ಬೇರೇನೋ ಆಗುತ್ತದೆ. ಆದ್ದರಿಂದ ಪುಟ ಕಟ್ಟಿದ ಮೇಲೆ ಕಾಗದದ ಮೇಲೆ ಎರಡು ಸಲ ಕರಡು ತಿದ್ದಬೇಕು. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ನೋಡಲಿ. ಹೆಸರು ಮತ್ತು ಇಸವಿಗಳನ್ನು ಮೂರನೆಯ ಸಲ ಬೇರೆಯಾಗಿ. ಇನ್ನೊಂದು ಫೋಟೊ. ಸನದು ಪಡೆದ ಕಾಲದ್ದು ಪಾಸ್‌ಪೋರ್ಟ್ ಅಳತೆಯದೊಂದೇ ಸಿಗುವುದು ಸಾಮಾನ್ಯ. ಮೂರೂವರೆ ಸೆಂಟಿಮೀಟರ್ ಅಗಲದ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಲು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಆಗ ಅಚ್ಚಿಗೆ ಬೇಕಾದ 300 ಉಳಿಯುತ್ತದೆ. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದು ಕಳಿಸಿದರೆ ಮುಖದ ಮೇಲೆ ಟ್ಯೂಬ್‌ಲೈಟಿನ ಹೊಳಪು ಕೂರುತ್ತದೆ.

ಆರು ವಾರದಲ್ಲಿ ಮಾತಾಡಿಸಲು ಎರಡು, ಬರೆಯಲು ಒಂದು, ಪುಟ ಕಟ್ಟಿ ಕರಡು ತಿದ್ದಲು ಒಂದೂವರೆ, ಅಚ್ಚಿಗೆ ಒಂದು. ಉಳಿದ ಮೂರು ದಿನ ತಡವಾಗುವುದಕ್ಕೆ.

ಹರಿಹರದ ಹೊಳೆ

ನುಡಿನಮನದ ಸಭೆಗೆ ಎರಡು ಮಾತು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಶುರುವಾದರೆ ಹನ್ನೆರಡೂವರೆಗೆ ಮುಗಿಯಬೇಕು. ವಚನ ಗಾಯನ, ಪುಷ್ಪನಮನ, ಒಂದು ನಿಮಿಷ ಮೌನ, ಪರಿಚಯ, ಆಮೇಲೆ ಐದೇ ಜನ ಮಾತಾಡಲಿ, ತಲಾ ಎಂಟು ನಿಮಿಷ. ಪರಿಚಯ 250 ಪದ ಮೀರಬಾರದು, ಓದಲು ಮೂರು ನಿಮಿಷ. ಅದೇ ಹಾಳೆಯನ್ನು ವಕೀಲರ ಸಂಘಕ್ಕೂ ಕೊಡಿ, ಸಂತಾಪ ನಿರ್ಣಯಕ್ಕೆ ಬೇಕಾಗುತ್ತದೆ. ಆ ನಿರ್ಣಯದ ಪ್ರತಿ ಕೇಳಿ ಪಡೆದು ಪುಸ್ತಿಕೆಗೆ ಸೇರಿಸಬಹುದು. ಮೈಕು ಕಕ್ಷಿದಾರರಿಗೆ ಕೊಡಬೇಡಿ. ಭಾವುಕರಾಗಿ ತಮ್ಮ ಕೇಸನ್ನು ತಾವೇ ಊರಿಗೆ ಹೇಳಿಬಿಡುತ್ತಾರೆ. ಬಾಗಿಲ ಬಳಿ ಒಂದು ಪುಸ್ತಕ ಇಟ್ಟು, ಬರೆಯಲು ಬಾರದವರ ಮಾತನ್ನು ಕುಳಿತು ಬರೆದುಕೊಳ್ಳುವ ಒಬ್ಬಳು ಹುಡುಗಿಯನ್ನು ಕೂರಿಸಿ.

ಪುಸ್ತಕಗಳ ಬೀರುವಿನಲ್ಲಿ ಎಐಆರ್, ಐಎಲ್ಆರ್ (ಕೋರ್ಟ್ ತೀರ್ಪುಗಳ ವರದಿ) ಸಂಪುಟಗಳಿದ್ದರೆ ವರ್ಷವಾರು ಪಟ್ಟಿ ಮಾಡಿ, ನಡುವೆ ಯಾವ ಸಂಪುಟ ಇಲ್ಲ ಎಂದೂ ಬರೆದು ಆಮೇಲೆ ಕೇಳಿ. ಆರ್.ಎಲ್. ಕಾನೂನು ಕಾಲೇಜಾಗಲಿ, ವಕೀಲರ ಸಂಘದ ಗ್ರಂಥಾಲಯವಾಗಲಿ ಪಟ್ಟಿ ನೋಡದೆ ಹೂಂ ಅನ್ನಲಾರರು, ಜಾಗದ ತೊಂದರೆ ಎಲ್ಲ ಕಡೆ ಇದೆ. ಒಳಗಿನ ಚೀಟಿಗಳನ್ನು ಕೊಡುವ ಮುಂಚೆ ಕೊಡವಿ ತೆಗೆಯಿರಿ, ಅದರಲ್ಲೂ ಕಕ್ಷಿದಾರರ ಹೆಸರಿರುತ್ತದೆ. ದತ್ತಿ ಇಡುವ ಮನಸ್ಸಿದ್ದರೆ ಲೆಕ್ಕ ಹಾಕಿಯೇ ಇಡಿ. ಒಂದು ಲಕ್ಷಕ್ಕೆ ಶೇ. 7 ಬಡ್ಡಿ ಎಂದರೂ ವರ್ಷಕ್ಕೆ 7,000 ರೂಪಾಯಿ. ಅದರಲ್ಲಿ ಚಿನ್ನದ ಪದಕ ಆಗದು. ಕಾನೂನು ಓದುವ ಒಬ್ಬ ಹಳ್ಳಿಯ ಹುಡುಗಿಗೆ ಪುಸ್ತಕ ಬರುತ್ತದೆ. ಗೌನು ಮಾತ್ರ ಬೀರುವಿನಲ್ಲಿಡಬೇಡಿ, ಜೂನಿಯರ್‌ಗೆ ಕೊಡಿ.

ಕುಂದವಾಡ ಕೆರೆ

ಎಲ್ಲರಿಗೂ ಶರಣು. ಜೂನಿಯರ್ ಮತ್ತು ಗುಮಾಸ್ತರು ಇಂದು ಸಂಜೆ ಚೆಕ್ಕಿನ ಕಡತಗಳನ್ನು ಬೇರೆ ಮಾಡಿದರು. ಏಳು ಸಿಕ್ಕವು, ಅದರಲ್ಲಿ ಎರಡಕ್ಕೆ ಇನ್ನೂ ನೋಟಿಸೇ ಹೋಗಿರಲಿಲ್ಲ. ಒಂದರ ಮೆಮೊ ಬಂದು ಇಂದಿಗೆ 22 ದಿನ. ಕಕ್ಷಿದಾರರಿಗೆ ಫೋನು ಮಾಡಿದ್ದೇವೆ, ನಾಳೆ ಬೆಳಿಗ್ಗೆ ಬರುತ್ತಾರೆ. ರಿಜಿಸ್ಟರಿನ ಮೊದಲ ಸಾಲು ಅವರದೇ.

ಹಳೇ ಗುಮಾಸ್ತ

ಒಳ್ಳೆಯದಾಯಿತು ತಂಗೀ. ಇನ್ನೊಂದು ಮರೆತಿದ್ದೆ. ಈ ವರ್ಷದ ಡೈರಿಯ ಡಿಸೆಂಬರ್ ಪುಟಕ್ಕೆ ನಿಲ್ಲಬೇಡಿ. ಹೊಸ ಡೈರಿ ಬರುವ ಮುಂಚೆ ಬಿದ್ದ ಮುಂದಿನ ವರ್ಷದ ತಾರೀಖುಗಳನ್ನು ಹಿಂದಿನ ರಟ್ಟಿನ ಒಳಬದಿಯಲ್ಲಿ, ಕೆಲವೊಮ್ಮೆ ಪೆನ್ಸಿಲಿನಲ್ಲಿ, ಬರೆದಿಟ್ಟಿರುತ್ತಾರೆ. ರಟ್ಟಿಗೆ ಬೈಂಡು ಹಾಕಿದ್ದರೆ ಅದನ್ನು ಬಿಚ್ಚಿ ನೋಡಿ.